60 ಡಿಗ್ರಿಯಿಂದ 120 ಡಿಗ್ರಿಯವರೆಗೆ

ಕೈಯನ್ನು ಮೈಯ ಪಕ್ಕದಿಂದ ಮೇಲಕ್ಕೆ ಎತ್ತುತ್ತಾ ಹೋದರೆ ಸುಮಾರು 60 ಡಿಗ್ರಿಯವರೆಗೆ ಏನೂ ಆಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಬಲಭುಜದ ತುದಿಯಲ್ಲಿ ನೋವು ಹಿಡಿದುಕೊಳ್ಳುತ್ತಿತ್ತು. 120 ಡಿಗ್ರಿ ದಾಟಿದ ಮೇಲೆ ತಾನಾಗಿಯೇ ಬಿಡುತ್ತಿತ್ತು. ಜಡೆ ಹೆಣೆಯುವುದು, ಸೆರಗಿಗೆ ಪಿನ್ನು ಚುಚ್ಚುವುದು, ತಂತಿಯ ಮೇಲೆ ಬಟ್ಟೆ ಹರವುವುದು, ಮೇಲಿನ ಗೂಡಿನಿಂದ ಸಾರಿನಪುಡಿ ಡಬ್ಬಿ ತೆಗೆಯುವುದು, ಬಸ್ಸಿನಲ್ಲಿ ಕಂಬಿ ಹಿಡಿಯುವುದು ಎಲ್ಲವೂ ಈ ನಡುವಿನ ಅರವತ್ತು ಡಿಗ್ರಿಯಲ್ಲೇ ಇವೆ. ನನಗೆ ಇವುಗಳ ಜೊತೆ ಕಪ್ಪು ಹಲಗೆಯೂ ಇತ್ತು. ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಆ ವರ್ಷ ನನ್ನ ಬರವಣಿಗೆಯೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ನಡೆಯಿತು. ಮೇಲಿನ ಅರ್ಧವನ್ನು ಯಾರೂ ಕೇಳದೆಯೇ ಒಬ್ಬ ವಿದ್ಯಾರ್ಥಿನಿ ಬಂದು ಒರೆಸಿಕೊಟ್ಟು ಹೋಗುತ್ತಿದ್ದಳು.

ಕೈ ಎತ್ತುವುದೆಂದರೆ ಎಷ್ಟು ದೊಡ್ಡ ಕೆಲಸ ಎಂಬುದನ್ನು ಆಗ ಲೆಕ್ಕ ಹಾಕಿ ನೋಡಿದೆ. ನನ್ನ ತೂಕ 60 ಕೆ.ಜಿ. ಒಂದು ಕೈಯ ತೂಕ ಹೆಚ್ಚುಕಡಿಮೆ 3 ಕೆ.ಜಿ. ಕೈಯನ್ನು ನೆಲಕ್ಕೆ ಸಮವಾಗಿ ಚಾಚಿದಾಗ ಅದರ ತೂಕದ ಕೇಂದ್ರ ಭುಜದಿಂದ ಸುಮಾರು 30 ಸೆಂ.ಮೀ. ದೂರ ಇರುತ್ತದೆ. ಅದನ್ನು ಎತ್ತಿ ಹಿಡಿಯುವ ಸ್ನಾಯುಗಳು ಕೀಲಿನ ಕೇಂದ್ರದಿಂದ ಬರೀ 3 ಸೆಂ.ಮೀ. ಆಚೆ ನಿಂತು ಎಳೆಯುತ್ತವೆ. ದೂರ ಹತ್ತು ಪಟ್ಟು ಕಡಿಮೆಯಾದರೆ ಬಲ ಹತ್ತು ಪಟ್ಟು ಹೆಚ್ಚಾಗಬೇಕು. ಅಂದರೆ ಸುಣ್ಣದ ಕಡ್ಡಿ ಹಿಡಿದು ಕೈ ಚಾಚಿದರೂ ಭುಜದ ಸ್ನಾಯುಗಳು ಸುಮಾರು 30 ಕೆ.ಜಿ. ಎಳೆದಂತೆ. ಜಿಮ್ನಾಸ್ಟಿಕ್ಸ್‌ನ ರಿಂಗ್ಸ್ ಮೇಲೆ ಎರಡೂ ಕೈ ಅಡ್ಡ ಚಾಚಿ ಮೈಯನ್ನು ತೂಗಿಸುವ ಕ್ರಾಸ್ ಎಂಬ ಭಂಗಿಗೆ ಇದೇ ಲೆಕ್ಕ ಹಾಕಿದರೆ, ನನ್ನಷ್ಟೇ ತೂಕದವರ ಒಂದೊಂದು ಭುಜಕ್ಕೂ 300 ಕೆ.ಜಿ.ಗೆ ಮೀರಿದ ಎಳೆತ ಬರುತ್ತದೆ. ಸೋವಿಯತ್ ತಂಡದಲ್ಲಿದ್ದ ಅರ್ಮೇನಿಯದ ಆಲ್ಬರ್ಟ್ ಅಜಾರ್ಯನ್ 1956ರಲ್ಲೂ 1960ರಲ್ಲೂ ರಿಂಗ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಅವರ ಹೆಸರಿನ ಕ್ರಾಸ್ ಇವತ್ತಿಗೂ ಇದೆ. ಆ ಚಿತ್ರಗಳನ್ನು ನೋಡುವಾಗ ಕಣ್ಣು ಉಬ್ಬಿದ ಸ್ನಾಯುಗಳ ಮೇಲೆ ನಿಲ್ಲುತ್ತದೆ. ಆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಥೆಯೆಲ್ಲ ಅದರದ್ದೇ.

ಅಪ್ಪ ಗರಡಿಯಲ್ಲಿ ಬೆಳೆದವರು. ಮೈಸೂರಿನ ಹಳೆಯ ಬೀದಿಯೊಂದರ ಗರಡಿ ಮನೆಯ ಬಾಗಿಲಲ್ಲಿ ನಿಂತು, ಒಳಗೆ ದಂಡ ಹೊಡೆಯುತ್ತಿದ್ದ ಅವರನ್ನು ನೋಡಿದ್ದು ಚಿಕ್ಕಂದಿನ ನೆನಪು. ಹೆಣ್ಣುಮಕ್ಕಳು ಮಟ್ಟಿ ತುಳಿಯುವಂತಿರಲಿಲ್ಲ. ಮೈಯ ಭಾರವನ್ನೇ ಬಳಸಿ ಮೈಯನ್ನು ಬಲಪಡಿಸುವ ಆ ವಿದ್ಯೆಯ ಮೇಲೆ ನನಗೆ ಅಂದಿನಿಂದಲೂ ಆಸೆ. ನಲವತ್ತರ ಹತ್ತಿರ ಬಂದಾಗ ಮನೆಗೆ ಸಮೀಪದ ಜಿಮ್ಮೊಂದರಲ್ಲಿ ರಿಂಗ್ಸ್ ತೂಗುಹಾಕಿದ್ದು ಕಂಡು ಸೇರಿಕೊಂಡೆ. ಒಲಿಂಪಿಕ್ಸ್‌ನಲ್ಲಿ ರಿಂಗ್ಸ್ ಗಂಡಸರ ಸ್ಪರ್ಧೆ. ನೆಲದಿಂದ 2.80 ಮೀಟರ್ ಎತ್ತರ, ನಡುವೆ 50 ಸೆಂ.ಮೀ. ಅಂತರ. ಹೆಂಗಸರ ನಾಲ್ಕು ಸಲಕರಣೆಗಳಲ್ಲಿ ಅದಿಲ್ಲ. ಜಿಮ್ಮಿನಲ್ಲಿ ಆ ಕಟ್ಟುಪಾಡು ಇರಲಿಲ್ಲ. ಪಟ್ಟಿ ಸಡಿಲಿಸಿ ರಿಂಗನ್ನು ಸೊಂಟದ ಮಟ್ಟಕ್ಕೂ ಇಳಿಸಬಹುದಿತ್ತು. ಮೊದಲ ದಿನ ಅವುಗಳ ಮೇಲೆ ಕೈಯೂರಿ ಕಾಲೆತ್ತಿದಾಗ ಎರಡೂ ರಿಂಗ್ ಗಡಗಡ ನಡುಗಿದವು, ಅವುಗಳ ಜೊತೆ ನಾನೂ ನಡುಗಿದೆ. ಆ ನಡುಕ ಕೆಲವೇ ವಾರಗಳಲ್ಲಿ ನಿಂತಾಗ ಆದ ಸಂತೋಷವನ್ನು ಈಗಲೂ ಮರೆತಿಲ್ಲ.

ಆ ಜಿಮ್ಮಿನ ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. ನಮ್ಮ ಹೆಸರುಗಳು, ಎದುರಿಗೆ ಒಂದೊಂದು ಸಾಧನೆ, ಅದರ ಎದುರಿಗೆ ತಾರೀಕು. ತಿಂಗಳೊಪ್ಪತ್ತಿನಲ್ಲಿ ರಿಂಗ್ ಡಿಪ್ಸ್, ಇನ್ನೊಂದು ತಿಂಗಳೊಪ್ಪತ್ತಿನಲ್ಲಿ ಮಸಲ್‌ಅಪ್. ರಿಂಗುಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಏರಿಸುವುದು ಡಿಪ್ಸ್. ರಿಂಗಿಗೆ ಜೋತುಬಿದ್ದು, ಎದೆಯವರೆಗೆ ಎಳೆದುಕೊಂಡು, ಅಲ್ಲೇ ಮೊಣಕೈ ತಿರುಗಿಸಿ ಮೇಲಕ್ಕೆ ಒತ್ತಿ ಏಳುವುದೇ ಮಸಲ್‌ಅಪ್. ಎಳೆತ ಒತ್ತಡವಾಗಿ ಬದಲಾಗುವ ಆ ಕ್ಷಣದಲ್ಲಿ ತೋಳು ಬೆನ್ನ ಹಿಂದಕ್ಕೆ ಹೋಗಿ ಭುಜದ ಮುಂಭಾಗ ಪೂರ್ತಿ ಚಾಚಿಕೊಂಡಿರುತ್ತದೆ. ಬಲ ಸಾಲದವರಿಗೆ ಜರ್ಕ್ ಕೊಟ್ಟು ದಾಟಿಕೊಳ್ಳಲು ಅಲ್ಲಿ ಹೇಳಿಕೊಡುತ್ತಿದ್ದರು. ಕಲಿಸುವವರು ಕೆಟ್ಟವರೇನಲ್ಲ, ಇಪ್ಪತ್ತರ ಹುಡುಗರಿಗೆ ನಡೆದುಹೋಗಿದ್ದ ಲೆಕ್ಕವನ್ನು ಎಲ್ಲರಿಗೂ ಹಾಕಿದ್ದರು. ಆದರೆ ಆ ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಟೆಂಡನ್ನಿನ ಲೆಕ್ಕ, ಮತ್ತು ಅದಿಲ್ಲದ ಪಟ್ಟಿ ಅಪಾಯಕಾರಿ ಎಂದೇ ನಾನು ಹೇಳುತ್ತೇನೆ.

ನೋವು ಒಂದೇ ದಿನ ಬರಲಿಲ್ಲ. ಟಪ್ ಎಂದು ಏನೋ ಹರಿದ ಸದ್ದೂ ಇಲ್ಲ. ಮೊದಲು ವ್ಯಾಯಾಮದ ಮಾರನೆಯ ದಿನ ಭುಜ ಸ್ವಲ್ಪ ಬಿಗಿ. ಮೈ ಬಿಸಿಯಾದರೆ ಅದೂ ಮಾಯ. ಆಮೇಲೆ ಎರಡು ದಿನ ಬಿಗಿ. ಅಷ್ಟರಲ್ಲಿ ಡಿಪ್ಸ್ ಚೆನ್ನಾಗಿ ಬರುತ್ತಿತ್ತು, ಬಲ ವಾರವಾರವೂ ಏರುತ್ತಿತ್ತು. ಏರುತ್ತಿರುವ ಬಲವನ್ನು ಕಂಡವರು ಭುಜ ಹಾಳಾಗುತ್ತಿದೆ ಎಂದು ಹೇಗೆ ತಿಳಿದಾರು? ಕೊನೆಗೆ ರಾತ್ರಿಯ ನೋವು ಶುರುವಾಯಿತು. ಬಲಮಗ್ಗುಲಿಗೆ ಹೊರಳಿದರೆ ಎಚ್ಚರ. ಅಂಗಾತ ಮಲಗಿದರೆ ಭುಜದೊಳಗೆ ಹಲ್ಲುನೋವಿನಂಥ ಸೆಳೆತ. ಎದ್ದು ಕೂತು, ಮಡಿಲಲ್ಲಿ ದಿಂಬಿಟ್ಟುಕೊಂಡು ಅದರ ಮೇಲೆ ಕೈಯಿಟ್ಟು, ಬೆಳಗಿನ ಜಾವದವರೆಗೆ ಕಾಲ ತಳ್ಳಿದ ರಾತ್ರಿಗಳು ಬಹಳ. ನಿದ್ದೆಯಿಲ್ಲದ ರಾತ್ರಿ ಮನುಷ್ಯರನ್ನು ಬೇಗ ಮುರಿಯುತ್ತದೆ. ಕಣ್ಣೀರು ನೋವಿಗಿಂತ ಹೆಚ್ಚಾಗಿ, ಇದು ಎಂದಾದರೂ ಹೋಗುತ್ತದೆಯೇ ಎಂಬ ಭಯಕ್ಕೆ ಬರುತ್ತಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಫ್ರೋಜನ್ ಶೋಲ್ಡರ್ ಎಂದರು, ಒಬ್ಬರು ಎಣ್ಣೆ ಹಚ್ಚಿ ನೀವಿಸಿಕೊಳ್ಳಿ ಎಂದರು, ಒಬ್ಬರು ಆಪರೇಷನ್ನೇ ಗತಿ ಎಂದರು. ಮನೆಯಲ್ಲಿ ಅತ್ತೆ, "ಈ ವಯಸ್ಸಲ್ಲಿ ಅದೆಲ್ಲ ಯಾಕಮ್ಮಾ" ಎಂದು ಮಾತ್ರ ಹೇಳಿ, ಮೇಲಿನ ಗೂಡಿನ ಡಬ್ಬಿಗಳನ್ನೆಲ್ಲ ಕೆಳಗಿನ ಗೂಡಿಗೆ ಇಳಿಸಿಟ್ಟರು. ಆ ವರ್ಷ ನನಗೆ ಸಿಕ್ಕ ದೊಡ್ಡ ಉಪಕಾರಗಳಲ್ಲಿ ಅದೊಂದು.

ಮೂಳೆ ಡಾಕ್ಟರು ಕೈಯನ್ನು ಹಿಡಿದು ತಿರುಗಿಸಿ ನೋಡಿ, ಅಲ್ಟ್ರಾಸೌಂಡ್ ಮಾಡಿಸಿದರು. ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ಟೆಂಡನ್ ದಪ್ಪಗಾಗಿತ್ತು, ಅದರಲ್ಲಿ ಚಿಕ್ಕದೊಂದು ಅರೆಹರಿತವೂ ಇತ್ತು. ಅವರು ಕೀಲಿನ ಮಾದರಿ ತೋರಿಸಿ ಬಿಡಿಸಿ ಹೇಳಿದರು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಬಟ್ಟಲಲ್ಲಿ ಕೂತಿರುತ್ತದೆ. ಭುಜದಲ್ಲಿ ತೋಳುಮೂಳೆಯ ಗುಂಡು ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ, ಅದರ ಮೂರನೇ ಒಂದು ಭಾಗಕ್ಕೂ ಮೂಳೆಯ ಆಸರೆ ಇಲ್ಲ. ಹಾಗಿರುವುದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಹಾಗಿರುವುದರಿಂದಲೇ ಬೇಗ ಕೆಡುತ್ತದೆ. ಗುಂಡು ಜಾರದಂತೆ ನಾಲ್ಕು ಸಣ್ಣ ಸ್ನಾಯುಗಳ ಟೆಂಡನ್‌ಗಳು ಸುತ್ತ ಹಿಡಿದುಕೊಂಡಿವೆ. ರೊಟೇಟರ್ ಕಫ್ ಎನ್ನುವುದು ಇವನ್ನೇ. ದೊಡ್ಡ ಸ್ನಾಯುಗಳು ಎಳೆಯುವಾಗಲೆಲ್ಲ ಈ ನಾಲ್ಕು ಹಿಡಿದಿರಬೇಕು. ನನ್ನಲ್ಲಿ ಎಳೆಯುವವು ಬೆಳೆದಿದ್ದವು, ಹಿಡಿಯುವವು ಅವುಗಳ ಸಮಕ್ಕೆ ಬಂದಿರಲಿಲ್ಲ.

ಆಪರೇಷನ್ ಬಗ್ಗೆ ಕೇಳಿದೆ. ನಿಮಗೆ ಬೇಕಿಲ್ಲ ಎಂದರು. ಆಮೇಲೆ ನಾನೇ ಓದಿಕೊಂಡೆ: ಭುಜದ ಇಂಥ ನೋವಿಗೆ ಮೇಲಿನ ಮೂಳೆಯನ್ನು ಕೆರೆದು ಜಾಗ ಮಾಡುವ ಶಸ್ತ್ರಚಿಕಿತ್ಸೆಯನ್ನು, ಬರೀ ಕ್ಯಾಮೆರಾ ಹಾಕಿ ನೋಡಿ ಹೊಲಿದುಬಿಡುವ ಹುಸಿ ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿದ ಬ್ರಿಟನ್ನಿನ ಪ್ರಯೋಗವೊಂದು 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರ ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಫಿನ್ಲೆಂಡಿನಿಂದಲೂ ಅಂಥದೇ ಫಲಿತಾಂಶ ಬಂತು. ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವು ವಾರ ನೋವು ಕಡಿಮೆ ಇರುತ್ತದೆ, ಆದರೆ ಟೆಂಡನ್ನಿಗೆ ಭಾರ ಕೊಟ್ಟು ಬಲಪಡಿಸುವ ಕೆಲಸ ಹೇಗಿದ್ದರೂ ಮಾಡಲೇಬೇಕು ಎಂದರು ಡಾಕ್ಟರು. ನೋವೇ ನನಗೆ ದಾರಿ ತೋರಿಸಬೇಕಿದ್ದ ಹೊತ್ತಿನಲ್ಲಿ ಅದನ್ನು ಮುಚ್ಚುವುದು ಬೇಡವೆನಿಸಿತು. ಫಿಸಿಯೋಥೆರಪಿಗೆ ಹೋದೆ.

ಟೆಂಡನ್ನಿಗೆ ಸ್ನಾಯುವಿನಷ್ಟು ರಕ್ತ ಹರಿಯುವುದಿಲ್ಲ. ಹೊಸ ವ್ಯಾಯಾಮ ಶುರುವಾದ ಕೆಲವೇ ವಾರಗಳಲ್ಲಿ ಬಲ ಹೆಚ್ಚಿದಂತೆ ಕಾಣುವುದು ನರಗಳು ಸ್ನಾಯುಗಳನ್ನು ಚೆನ್ನಾಗಿ ಬಳಸಲು ಕಲಿತದ್ದರಿಂದ. ಆಮೇಲೆ ಸ್ನಾಯು ದಪ್ಪವಾಗುತ್ತದೆ. ಟೆಂಡನ್ ಗಟ್ಟಿಯಾಗುವುದು ತಿಂಗಳುಗಳ ಮಾತು. ಭಾರೀ ವ್ಯಾಯಾಮದ ನಂತರ ಅದರ ಕೊಲಾಜನ್ ಎಳೆಗಳಲ್ಲಿ ಸವೆತವೂ ಕಟ್ಟೋಣವೂ ಒಟ್ಟಿಗೆ ನಡೆಯುತ್ತವೆ. ಮೊದಲ ಒಂದು, ಒಂದೂವರೆ ದಿನ ಸವೆತದ್ದೇ ಮೇಲುಗೈ, ಕಟ್ಟೋಣ ಮುಂದಾಗುವುದು ಅದಾದ ಮೇಲೆ. ನನ್ನ ವಿಷಯಕ್ಕೆ ಹತ್ತಿರವಾದ ಒಂದು ಸಂಶೋಧನೆಯಂತೂ ನನ್ನನ್ನು ಬೆರಗುಗೊಳಿಸಿತು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏರಿತ್ತು, ಅದು ಆಹಾರದ ಮೂಲಕ ಆ ಕಾಲದ ಎಲ್ಲರ ಮೈ ಸೇರಿತ್ತು. ಅದನ್ನೇ ಗುರುತಾಗಿ ಇಟ್ಟುಕೊಂಡು ಡೆನ್ಮಾರ್ಕಿನ ವಿಜ್ಞಾನಿಗಳು ಹಿಮ್ಮಡಿಯ ಅಕಿಲಿಸ್ ಟೆಂಡನ್ನಿನ ವಯಸ್ಸು ಅಳೆದರು. 2013ರಲ್ಲಿ ಅವರು ಪ್ರಕಟಿಸಿದಂತೆ, ಆ ಟೆಂಡನ್ನಿನ ತಿರುಳು ಹದಿನೇಳು ವರ್ಷದ ಹೊತ್ತಿಗೆ ರೂಪುಗೊಂಡು ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿದುಬಿಡುತ್ತದೆ. ಭುಜದ ಟೆಂಡನ್ ಬೇರೆ, ಹಿಮ್ಮಡಿಯದು ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಗೆಯೇ ಹಾಕಲಾಗದು. ಆದರೂ ಈ ಅಂಗಾಂಶಕ್ಕೆ ಅವಸರ ಹೇರಲಾಗದು ಎಂಬುದು ನನಗೆ ಮನದಟ್ಟಾಯಿತು.

ಫಿಸಿಯೋ ಹುಡುಗಿ ಚಿಕ್ಕವಳು, ಮಾತು ಕಡಿಮೆ. ಮೊದಲ ದಿನ ಮಾಡಿಸಿದ್ದು ಇಷ್ಟೇ: ಗೋಡೆಯ ಪಕ್ಕ ನಿಂತು, ಮೊಣಕೈ ಮಡಿಚಿ, ಮುಂಗೈಯ ಹೊರಬದಿಯಿಂದ ಗೋಡೆಯನ್ನು ಒತ್ತಿ ಹಿಡಿಯುವುದು. ಕೈ ಅಲುಗುವಂತಿಲ್ಲ.

"ನೋವು ಹತ್ತಕ್ಕೆ ಎಷ್ಟು ಮೇಡಂ?"

"ಮೂರು."

"ಮೂರು ಪರವಾಗಿಲ್ಲ. ನಾಳೆ ಬೆಳಿಗ್ಗೆ ಎದ್ದಾಗ ಇವತ್ತಿಗಿಂತ ಜಾಸ್ತಿ ಇರಬಾರ್ದು, ಅಷ್ಟೇ. ಜಾಸ್ತಿ ಇದ್ರೆ ಇವತ್ತು ಮಾಡಿದ್ದು ಹೆಚ್ಚಾಯ್ತು ಅಂತ."

ನನ್ನ ಭುಜವನ್ನು ಉಳಿಸಿದ ನಿಯಮ ಇದೊಂದೇ. ವ್ಯಾಯಾಮ ಮಾಡುವಾಗ ಟೆಂಡನ್ ನಿಜ ಹೇಳುವುದಿಲ್ಲ. ಮೈ ಬಿಸಿಯಾದಾಗ ಅದು ಸುಮ್ಮನಿರುತ್ತದೆ. ಮರುದಿನ ಬೆಳಿಗ್ಗೆ ಹೇಳುತ್ತದೆ. ಅಂದಿನಿಂದ ಎದ್ದ ಕೂಡಲೇ ಕೈಯನ್ನು ಪಕ್ಕದಿಂದ ಎತ್ತಿ, ನೋವು ಎಷ್ಟನೇ ಡಿಗ್ರಿಯಲ್ಲಿ ಹಿಡಿಯುತ್ತದೆ, ಎಷ್ಟನೇ ಡಿಗ್ರಿಯಲ್ಲಿ ಬಿಡುತ್ತದೆ ಎಂದು ಪುಸ್ತಕದಲ್ಲಿ ಬರೆದಿಡತೊಡಗಿದೆ.

ಆಮೇಲೆ ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟುಕೊಂಡು ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯುವುದು. ಬೆನ್ನ ಮೇಲಿನ ಅಗಲ ಮೂಳೆಯನ್ನು ಹಿಡಿತಕ್ಕೆ ತರುವುದು. ಕೈ ಪೂರ್ತಿ ಮೇಲೆದ್ದಾಗ ಆಗುವ 180 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಆ ಮೂಳೆ ತಿರುಗುವುದರಿಂದಲೇ ಬರುತ್ತದೆ, ಅದು ತಿರುಗದಿದ್ದರೆ ಕೀಲಿನ ಮೇಲೆ ಹೊರೆ. ಇವು ಯಾವುವೂ ನೋಡಲು ವ್ಯಾಯಾಮದಂತೆ ಕಾಣುವುದಿಲ್ಲ. ರಿಂಗ್ಸ್ ಮೇಲೆ ಕಾಲೆತ್ತಿ ನಿಂತವಳಿಗೆ ಟವೆಲ್ಲು ಹಿಡಿದು ರಬ್ಬರ್ ಎಳೆಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು.

ತಿಂಗಳುಗಳು ಕಳೆದ ಮೇಲೆ ಪುಶ್‌ಅಪ್‌ಗೆ ಅನುಮತಿ ಸಿಕ್ಕಿತು, ಅದೂ ಗೋಡೆಗೆ. ಇಲ್ಲಿ ನನ್ನ ವಿಷಯ ನನ್ನ ಕೈ ಹಿಡಿಯಿತು. ನೆಲದ ಮೇಲಿನ ಪುಶ್‌ಅಪ್‌ನಲ್ಲಿ ಮೈತೂಕದ ಸುಮಾರು 64 ಶೇಕಡ ಕೈಗಳ ಮೇಲೆ ಬೀಳುತ್ತದೆ. ಮೊಣಕಾಲೂರಿದರೆ 49 ಶೇಕಡ. ಕೈಗಳನ್ನು 60 ಸೆಂ.ಮೀ. ಎತ್ತರದ ಮೇಲೆ ಇಟ್ಟರೆ 41 ಶೇಕಡ. ಅಂದರೆ ನನ್ನಂಥವಳಿಗೆ ನೆಲದಲ್ಲಿ 38 ಕೆ.ಜಿ., ಮಂಚದ ಎತ್ತರದಲ್ಲಿ 25 ಕೆ.ಜಿ. ಗೋಡೆಗಾದರೆ ಇನ್ನೂ ಎಷ್ಟೋ ಕಡಿಮೆ. ಗೋಡೆ, ಅಡುಗೆಮನೆ ಕಟ್ಟೆ, ಮಂಚ, ಮೆಟ್ಟಿಲು, ನೆಲ. ಕಬ್ಬಿಣದ ತೂಕ ಒಂದೂ ಬೇಡ, ಕೋನ ಬದಲಿಸಿದರೆ ಸಾಕು, ಭಾರ ತಾನೇ ಬದಲಾಗುತ್ತದೆ. ಮೈಭಾರದ ವ್ಯಾಯಾಮದಲ್ಲಿ ಇದಕ್ಕಿಂತ ಸುಂದರವಾದದ್ದು ನನಗೆ ಕಂಡಿಲ್ಲ. ರಿಂಗ್ಸ್‌ನಲ್ಲೂ ಅದೇ: ಮೈಯನ್ನು ನೆಲಕ್ಕೆ ಸಮವಾಗಿ ಚಾಚಿ ತೂಗುವ ಭಂಗಿಯನ್ನು ಮೊದಲು ಮೊಣಕಾಲನ್ನು ಎದೆಗೆ ಅಪ್ಪಿ ಕಲಿಯುತ್ತಾರೆ, ಆಮೇಲೆ ಒಂದು ಕಾಲು ಚಾಚಿ, ಆಮೇಲೆ ಎರಡನ್ನೂ ಅಗಲಿಸಿ, ಕೊನೆಗೆ ಪೂರ್ತಿ ನೇರ. ಮೈತೂಕ ಅಷ್ಟೇ ಇರುತ್ತದೆ, ಅದು ಭುಜದಿಂದ ದೂರ ಸರಿದಷ್ಟೂ ಟಾರ್ಕ್ ಹೆಚ್ಚುತ್ತದೆ. ಒಂದು ಹಂತ ಹಗುರವೆನಿಸಿದ ಮೇಲೂ ಅದರಲ್ಲೇ ಕೆಲವು ವಾರ ಉಳಿಯಬೇಕು. ಹಗುರವೆನಿಸುವುದು ಸ್ನಾಯುವಿಗೆ, ಟೆಂಡನ್ ಇನ್ನೂ ಹಿಂದಿರುತ್ತದೆ.

ಅಡುಗೆಮನೆ ಕಟ್ಟೆಯಿಂದ ಮಂಚಕ್ಕೆ ಇಳಿದಿದ್ದ ದಿನಗಳಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಎದುರಿಗೆ ಮಗುವೊಂದು ಓಡಿಬಂತು, ಡ್ರೈವರು ಬ್ರೇಕ್ ಹಾಕಿ ಅದನ್ನು ಉಳಿಸಿದರು. ನನ್ನ ಮೈಯೆಲ್ಲ ಮುಂದಕ್ಕೆ ಹೋಯಿತು, ಬಲಗೈ ಕಂಬಿಯಲ್ಲೇ ಉಳಿಯಿತು. ಅಂದು ರಾತ್ರಿ ಹಳೆಯ ನೋವು ಹಾಗೇ ಮರಳಿತು, ಪುಸ್ತಕದಲ್ಲಿ ಮತ್ತೆ 60ರಿಂದ 120. ಫಿಸಿಯೋ ನೋಡಿ, ಹೊಸದಾಗಿ ಏನೂ ಹರಿದಂತಿಲ್ಲ, ಮತ್ತೆ ಗೋಡೆಯಿಂದ ಶುರು ಮಾಡೋಣ ಎಂದಳು. ಇಡೀ ಅವಧಿಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ವಾರ. ಎಲ್ಲ ಬಿಟ್ಟುಬಿಡುತ್ತೇನೆ ಎಂದು ಅಪ್ಪನಿಗೆ ಫೋನ್ ಮಾಡಿದೆ. ಅವರು ಬಂದರು. ಮಾತಾಡದೆ ಕೂತು ಕಾಫಿ ಕುಡಿದರು. ಆಮೇಲೆ ಕೇಳಿದರು:

"ನೋವು ಹೋಗ್ಲಿ ಅಂತ ಕಾಯ್ತಿದ್ದೀಯೋ, ಬಲ ಬರ್ಲಿ ಅಂತ ಕಾಯ್ತಿದ್ದೀಯೋ, ಮಗಳೇ?"

"ಎರಡೂ ಅಪ್ಪ."

"ನಮ್ಮ ಉಸ್ತಾದರು ಹೊಸಬರನ್ನ ಎಷ್ಟೋ ತಿಂಗಳು ಕುಸ್ತಿಗೇ ಬಿಡ್ತಿರ್ಲಿಲ್ಲ. ಮಟ್ಟಿ ಅಗೀಬೇಕು, ದಂಡ ಬಸ್ಕಿ ಹೊಡೀಬೇಕು, ಅಷ್ಟೇ. ಯಾವತ್ತು ಬಿಡ್ತೀರ ಅಂತ ಕೇಳಿದವನಿಗೆ ಇನ್ನೊಂದು ತಿಂಗಳು ಅಗೆಯೋ ಕೆಲಸ. ನಾನೂ ಅಗೆದಿದ್ದೀನಿ ಕಣವ್ವ. ಈಗ ನನಗೆ ಎಪ್ಪತ್ತು ದಾಟಿದೆ, ಕೈ ಎತ್ತಿ ತೋರಿಸ್ಲಾ?"

ಎರಡೂ ಕೈಯನ್ನು ಪಕ್ಕದಿಂದ ಎತ್ತಿ ತಲೆಯ ಮೇಲೆ ಜೋಡಿಸಿದರು, ಒಂದಿಷ್ಟೂ ತಡೆಯಿಲ್ಲದೆ. ಆ ದಿನವೇ ಸಂಜೆ ಗೋಡೆಯ ಮುಂದೆ ನಿಂತೆ.

ಎರಡನೆಯ ಸಲದ ಏರಿಕೆ ಮೊದಲಿನಷ್ಟು ಉದ್ದವಾಗಲಿಲ್ಲ. ರಾತ್ರಿಯ ನೋವು ಮೊದಲು ಹೋಯಿತು, ಆಮೇಲೆ ಜಡೆಯ ನೋವು, ಕೊನೆಗೆ ಹಲಗೆಯ ನೋವು. ಒಂದು ದಿನ ನಾನು ಹಲಗೆಯ ಮೇಲಂಚಿನಿಂದ ಬರೆಯಲು ತೊಡಗಿದಾಗ ಒರೆಸಿಕೊಡುತ್ತಿದ್ದ ಹುಡುಗಿ ಮುಂದಿನ ಬೆಂಚಿನಿಂದ ಚಪ್ಪಾಳೆ ತಟ್ಟಿದಳು. ಉಳಿದವರಿಗೆ ಕಾರಣ ಗೊತ್ತಿರಲಿಲ್ಲ, ಆದರೂ ತಟ್ಟಿದರು.

ಗ್ರೀಸಿನ ಎಲೆಫ್ಥೇರಿಯೊಸ್ ಪೆಟ್ರೂನಿಯಾಸ್ 2016ರಲ್ಲಿ ರಿಯೊದಲ್ಲಿ ರಿಂಗ್ಸ್ ಚಿನ್ನ ಗೆದ್ದವರು. 2018ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಮೇಲೆ ಅವರಿಗೆ ಭುಜದ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಕಂಚು ಗೆದ್ದರು. ಎಳವೆಯಿಂದ ಅದಕ್ಕಾಗಿಯೇ ಬೆಳೆಸಿದ ಭುಜಕ್ಕೂ ಹೀಗಾಗುತ್ತದೆ. ದಿನವಿಡೀ ಮೇಜಿನ ಮುಂದೆ ಬಾಗಿ ಕೂತು, ಸಂಜೆ ಜಿಮ್ಮಿಗೆ ಹೋಗುವ ನಮ್ಮ ಭುಜಗಳಿಂದ ತಿಂಗಳೊಪ್ಪತ್ತಿನಲ್ಲಿ ಮಸಲ್‌ಅಪ್ ಕೇಳುವುದು ನ್ಯಾಯವಲ್ಲ.

ನಾನು ಮತ್ತೆ ರಿಂಗ್ಸ್‌ಗೆ ಬಂದಿದ್ದೇನೆ. ಬೇರೆ ಜಾಗದಲ್ಲಿ, ತಾರೀಕುಗಳಿಲ್ಲದೆ. ವಾರಕ್ಕೆ ಎರಡು ಅಥವಾ ಮೂರು ಸಲ, ನಡುವೆ ಬಿಡುವಿನ ದಿನ ಇದ್ದೇ ಇರುತ್ತದೆ. ಮೊದಲು ಬ್ಯಾಂಡು, ಬೆನ್ನ ಮೇಲಿನ ಅಗಲ ಮೂಳೆಯ ಸಾಧನೆ, ಆಮೇಲೆ ರಿಂಗು. ಕಾಲು ನೆಲದಲ್ಲೂರಿ ಡಿಪ್ಸ್ ಮಾಡುತ್ತೇನೆ, ತೋಳು ನೆಲಕ್ಕೆ ಸಮವಾದ ಮೇಲೆ ಕೆಳಗೆ ಹೋಗುವುದಿಲ್ಲ. ಹಂತ ಬದಲಿಸಿದ ವಾರ ಮಾಡುವ ಸಲಗಳನ್ನು ಕಡಿಮೆ ಮಾಡುತ್ತೇನೆ. ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ. ಜರ್ಕ್ ಕೊಡುವುದಿಲ್ಲ. ಮಸಲ್‌ಅಪ್ ಇನ್ನೂ ಬಂದಿಲ್ಲ. ಬಂದರೆ ಬರಲಿ.

ರಾತ್ರಿ ಎಬ್ಬಿಸುವ ಭುಜದ ನೋವಿದ್ದರೆ, ಕೈ ಎತ್ತಲು ಬಲವೇ ಇಲ್ಲವೆನಿಸಿದರೆ, ಕೀಲು ಜಾರಿದಂತೆ ಆದರೆ, ಎಣ್ಣೆ ಹಚ್ಚುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಜಿಮ್ ನಡೆಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ನಿಮ್ಮ ಗೋಡೆಯ ಪಟ್ಟಿಯಲ್ಲಿ ತಾರೀಕಿನ ಕಾಲಂ ಅಳಿಸಿ, ಆ ಜಾಗದಲ್ಲಿ "ಮರುದಿನ ಬೆಳಿಗ್ಗೆ ಭುಜ ಹೇಗಿತ್ತು" ಎಂಬ ಕಾಲಂ ಹಾಕಿ. ಅದು ಖಾಲಿಯಿರುವವರನ್ನು ಮುಂದಿನ ಹಂತಕ್ಕೆ ಬಿಡಬೇಡಿ.